ನಿಂತಲ್ಲೇ ತಿರುಗುವ ಗಾಡಿ

"ಅದು ಆಗೂ ಮಾತಲ್ಲ" ಎಂದವನು ನಮ್ಮ ರುದ್ರಪ್ಪ ಕಾಕಾ. ಈ ಮಾತನ್ನು ಅವನು ನನಗೆ ಮೂರು ಸಲ ಹೇಳಿದ್ದಾನೆ. ನಾನು ಬಿ.ಎ. ಪಾಸಾಗುತ್ತೇನೆ ಎಂದಾಗ ಒಮ್ಮೆ, ಮನೆಯ ಸುತ್ತ ಹುಲ್ಲು ಬೆಳೆಸುತ್ತೇನೆ ಎಂದಾಗ ಇನ್ನೊಮ್ಮೆ, ಆ ಹುಲ್ಲು ಕತ್ತರಿಸಲು ಕುರ್ಚಿಯ ಮೇಲೆ ಕೂತು ಓಡಿಸುವ ಯಂತ್ರ ತರುತ್ತೇನೆ ಎಂದಾಗ ಮತ್ತೊಮ್ಮೆ. ಮೊದಲೆರಡರಲ್ಲಿ ಅವನು ಸೋತ. ಮೂರನೆಯದರಲ್ಲಿ ಗೆದ್ದೇಬಿಡುತ್ತಾನೆ ಎಂಬ ಹೆದರಿಕೆಯಲ್ಲಿ ಈ ಸಲದ ಮಳೆಗಾಲವನ್ನು ಹೇಗೆ ಕಳೆದೆ ಎಂಬುದನ್ನು ನಿಮಗೆ ಹೇಳಬೇಕು.

ಕಾಕಾ ಎಂದರೆ ಅಪ್ಪನ ತಮ್ಮ. ಅಪ್ಪ ತೀರಿಕೊಂಡಾಗ ನನಗೆ ಏಳು ವರ್ಷ. ಅಲ್ಲಿಂದ ಮುಂದೆ ಅನ್ನ ಹಾಕಿದವನೂ ಬೈದವನೂ ಅವನೇ. ಈಗ ಅವನಿಗೆ ಎಪ್ಪತ್ತೆಂಟು. ಬೈಲಹೊಂಗಲದ ಅಂಚಿನಲ್ಲಿ, ಕಿತ್ತೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ, ನನ್ನ ಪಾಲಿಗೆ ಬಂದ ಇಪ್ಪತ್ತು ಗುಂಟೆ ಎರೆಭೂಮಿಯಲ್ಲಿ ನಾವು ಮನೆ ಕಟ್ಟಿಕೊಂಡಿದ್ದೇವೆ. ಕಾಕಾ ನಾಲ್ಕು ಮನೆ ಆಚೆ, ಮಗನ ಮನೆಯಲ್ಲಿದ್ದಾನೆ. ದಿನಾ ಬೆಳಿಗ್ಗೆ ಏಳಕ್ಕೆ ನಮ್ಮ ಗೇಟು ತೆಗೆದು, ಚಪ್ಪಲಿ ಅಲ್ಲೇ ಬಿಟ್ಟು, ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಾನೆ. ಚಪ್ಪಲಿ ಯಾಕೆ ಬಿಟ್ಟೆ ಎಂದರೆ, "ರಾಡಿ ಹತ್ತತೈತಿ" ಎನ್ನುತ್ತಾನೆ. ರಾಡಿ ಇಲ್ಲದ ದಿನವೂ ಬಿಟ್ಟೇ ಬರುತ್ತಾನೆ.

ಅವನು ಕೂರುವ ಕುರ್ಚಿಯ ಮೇಲುಗಡೆ ಗೋಡೆಯಲ್ಲಿ ನನ್ನ ಬಿ.ಎ. ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ನಮ್ಮ ಮನೆತನದ ಮೊದಲ ಪದವಿ ಅದು. ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಮೂವತ್ತೈದು ವರ್ಷ ರಾಮದುರ್ಗ, ಸವದತ್ತಿ ಎಂದು ತಿರುಗಿ ಹೈಸ್ಕೂಲಿನಲ್ಲಿ ಕಲಿಸಿದೆ; ಎಲ್ಲ ಬಾಡಿಗೆ ಮನೆಯಲ್ಲೂ ಮೊದಲು ಮೊಳೆ ಹೊಡೆದದ್ದು ಅದಕ್ಕೇ. ಈ ಮನೆ ಕಟ್ಟಿದಾಗಿನಿಂದ ಕಾಕಾ ಅದರ ಬುಡದಲ್ಲೇ ಕೂತು ಚಹಾ ಕುಡಿಯುತ್ತಿದ್ದಾನೆ. ಅದರ ಬಗ್ಗೆ ಒಂದು ದಿನವೂ ಒಂದು ಮಾತಾಡಿದವನಲ್ಲ.

ಹುಲ್ಲಿನ ಹುಚ್ಚು ಹತ್ತಿದ್ದು ಧಾರವಾಡದಲ್ಲಿ, ಆ ಪ್ರಮಾಣಪತ್ರ ತರಲು ಹೋದ ದಿನ. ಕಾಕಾ ಜೊತೆಗಿದ್ದ. ವಿಶ್ವವಿದ್ಯಾಲಯದ ದೊಡ್ಡ ಕಟ್ಟಡದ ಮುಂದೆ ಒಬ್ಬ ಮನುಷ್ಯ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ. ನಮ್ಮಲ್ಲಿ ಹುಲ್ಲಿನದು ಎರಡೇ ಜಾತಿ: ಎಮ್ಮೆ ತಿನ್ನುವುದು, ಇಲ್ಲವೇ ಬೆಳೆಯನ್ನು ತಿನ್ನುವುದು. ಎಮ್ಮೆಯೂ ತಿನ್ನದ, ಯಾರೂ ಕೀಳದ, ನೀರು ಕುಡಿದು ಸುಮ್ಮನೆ ಹಸಿರಾಗಿರುವ ಹುಲ್ಲನ್ನು ನಾನು ಕಂಡದ್ದು ಅಂದೇ ಮೊದಲು. ನಡೆದು ದಣಿದಿದ್ದ ಕಾಕಾ ಹೆಗಲ ಮೇಲಿನ ವಲ್ಲಿ ಹಾಸಿ ಅದರ ಮೇಲೆ ಕೂತ. ಎಲ್ಲಿಂದಲೋ ಸೀಟಿ ಊದುತ್ತಾ ಕಾವಲುಗಾರ ಓಡಿ ಬಂದ.

"ಏಳ್ರಿ ಏಳ್ರಿ! ಹುಲ್ಲಿನ ಮ್ಯಾಲ ಕುಂಡ್ರಬಾರ್ದು."

"ಯಾಕೋ ತಮ್ಮಾ? ಕರಕಿ ಅಲ್ಲೇನಿದು? ಇದನ್ನ ಕಿತ್ತು ಕಿತ್ತು ನಮ್ಮ ಬೆರಳು ಡೊಂಕಾಗ್ಯಾವು."

"ಇದು ಕೀಳಾಕ ಅಲ್ರಿ ಯಜಮಾನ್ರ, ನೋಡಾಕ."

"ಕರಕಿ ನೋಡಾಕ ಇಟ್ಟಾರಂತ!" ಎಂದು ಕಾಕಾ ಬಸ್‌ಸ್ಟ್ಯಾಂಡಿನ ತನಕ ನಕ್ಕ. ನನಗೆ ನಗು ಬರಲಿಲ್ಲ. ಕಂಕುಳಲ್ಲಿ ಪದವಿ ಇಟ್ಟುಕೊಂಡವಳ ಕಣ್ಣೆದುರಿಗೇ ಅವಳ ಕಾಕಾನನ್ನು ಎಬ್ಬಿಸಿದ್ದರು. ಯಾರೂ ಸೀಟಿ ಊದದ ಹುಲ್ಲು ನನ್ನದೂ ಒಂದು ಇರಲಿ ಎಂದು ಅವತ್ತೇ ಅಂದುಕೊಂಡೆ.

ಮನೆ ಕಟ್ಟಿಸಿದ ಮೇಲೆ ನರ್ಸರಿಯವನಿಗೆ ಹೇಳಿ ಹುಲ್ಲಿನ ಬೇರು ತರಿಸಿದೆ. ಐದು ಚೀಲ ಬಂದವು. ಬಾಯಿ ಬಿಚ್ಚಿ ನೋಡಿದರೆ ಗರಿಕೆ, ಕಾಕಾನ ಅದೇ ಕರಕಿ! ನಮ್ಮ ಕಡೆಯ ರೈತರ ಹಗೆ ಅದು. ಬೇಸಿಗೆಯಲ್ಲಿ ಗುದ್ದಲಿಯಿಂದ ಮೊಳ ಆಳ ಅಗೆದು ಬೇರು ಆರಿಸಬೇಕು, ಒಂದು ಗೆಣ್ಣು ಉಳಿದರೂ ಮೊದಲ ಮಳೆಗೆ ಮತ್ತೆ ಹಾಜರು. ನನ್ನ ಶಾಲೆಯ ರಜೆಗಳೆಲ್ಲ ಆ ಗೆಣ್ಣು ಆರಿಸುವುದರಲ್ಲೇ ಮುಗಿದಿದ್ದವು. ಚೀಲ ನೋಡಿದ ಕಾಕಾ ಮೆಟ್ಟಿಲ ಮೇಲೆ ಕುಸಿದು ಕೂತ.

"ಗಂಗವ್ವಾ, ರೊಕ್ಕಾ ಕೊಟ್ಟು ಕರಕಿ ತಂದೇನವಾ? ನಮ್ಮಪ್ಪ ಸಾಯೂ ಮಟಾ ಇದನ್ನ ಕಿತ್ತ. ನೀ ಬಿ.ಎ. ಓದಿ ಇದನ್ನ ಹಚ್ಚಾಕತ್ತಿ. ಎರಿ ಹೊಲದಾಗ ಹುಲ್ಲು ಹಚ್ಚಿ ಮ್ಯಾಲ ಕುಂಡ್ರತೀನಂದ್ರ ಅದು ಆಗೂ ಮಾತಲ್ಲ."

ಆಯಿತು. ಬೇಡವೆಂದರೂ ಆಗುವ ಹುಲ್ಲು, ಬೇಕೆಂದರೆ ಆಗದಿರುತ್ತದೆಯೇ? ಎರಡು ವರ್ಷ ಚಂದವಾಗಿಯೇ ಇತ್ತು. ಈ ವರ್ಷ ಮಳೆ ಕೈಬಿಚ್ಚಿ ಸುರಿಯಿತು. ಶ್ರಾವಣದ ಹೊತ್ತಿಗೆ ಗರಿಕೆಯ ಜೊತೆಗೆ ಹೆಸರು ಗೊತ್ತಿಲ್ಲದ ಹತ್ತು ಜಾತಿಯ ಹುಲ್ಲು ಎದ್ದು ಮೊಣಕಾಲು ಮುಟ್ಟಿದವು. ಒಂದು ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಹಾವಿನ ಪೊರೆ ಬಿದ್ದಿತ್ತು. ಕಾಕಾ ಅದನ್ನು ಕೋಲಿನಿಂದ ಎತ್ತಿ, ಉದ್ದ ನೋಡಿ, "ಮೂರು ಮೊಳದ್ದು ಐತಿ" ಎಂದು ಚಹಾ ಕೇಳಿದ. ಆ ಹುಲ್ಲಿನಲ್ಲಿ ಅವನು ಬರಿಗಾಲಲ್ಲಿ ನಡೆದು ಬಂದಿದ್ದ.

"ನಾಳಿಂದ ಚಪ್ಪಲಿ ಹಾಕ್ಕೊಂಡು ಬಾ ಕಾಕಾ."

"ಚಪ್ಪಲಿ ಯಾಕ? ಹುಲ್ಲು ತಗಿ. ನವರಾತ್ರಿ ಮುಗಿಯೂ ಮಟಾ ಟೈಮ್ ಕೊಡತೇನಿ. ಆಗೂ ಹಿಂಗ ಇತ್ತಂದ್ರ ಸಣ್ಣ ಟ್ರ್ಯಾಕ್ಟರ್ ತಂದು ರೋಟಾ ಹೊಡಸಿ ಹುಲ್ಲೆಲ್ಲಾ ಮಗಚಿ ಹಾಕತೇನಿ, ಕಡಲಿ ಬಿತ್ತತೇನಿ. ಒಪ್ಪಿಗಿನೋ ಇಲ್ಲೋ?"

ಸಿಟ್ಟಿನಲ್ಲಿ "ಒಪ್ಪಿಗಿ" ಎಂದುಬಿಟ್ಟೆ. ಮರುದಿನ ಕಾಕಾ ಒಂದು ಚೀಲ ಬಿತ್ತನೆಯ ಕಡಲೆ ಹೊರಿಸಿಕೊಂಡು ಬಂದು ನಮ್ಮ ಮೆಟ್ಟಿಲ ಕೆಳಗೆ ಇಡಿಸಿದ. ನಮ್ಮ ಮನೆಯವರಿಗೆ ಇಂಥ ಜಗಳದಲ್ಲಿ ಪಕ್ಷವಿಲ್ಲ, ಅವರು ಪೇಪರ್ ಓದುತ್ತಾರೆ. ಹೋಗುತ್ತಾ ಬರುತ್ತಾ ಆ ಚೀಲ ಕಣ್ಣಿಗೆ ಬೀಳುತ್ತಿದ್ದದ್ದು ನನಗೊಬ್ಬಳಿಗೆ. ಬಿ.ಎ. ಮಾಡಿದವಳು, ಸಾವಿರ ಮಕ್ಕಳನ್ನು ಗದರಿಸಿ ಕೂಡಿಸಿದವಳು, ಒಂದು ಕಡಲೆ ಚೀಲಕ್ಕೆ ಹೆದರಿ ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದೆ.

ಉಪಾಯ ಮಾಡದೆ ಇರಲಿಲ್ಲ. ಕುಡಗೋಲಿನವರು ಒಂದು ದಿನ ಬಂದು, ಸೋಯಾ ಕೊಯ್ಲು ಶುರುವಾಯಿತೆಂದು ಮರುದಿನದಿಂದ ನಾಪತ್ತೆಯಾದರು. ಕುರಿ ಬಿಡಿಸಿದೆ. ಅವು ಹುಲ್ಲು ಬಿಟ್ಟು ನನ್ನ ಚೆಂಡುಹೂವಿನ ಗಿಡ ಮೇಯ್ದು, ಅಂಗಳದ ತುಂಬ ಹಿಕ್ಕೆ ಹಾಕಿ ಹೋದವು. "ಚಲೋ ಆತು, ಕಡಲಿಗೆ ಗೊಬ್ಬರ" ಎಂದ ಕಾಕಾ. ಹೆಗಲಿಗೆ ತೂಗಿಸಿಕೊಂಡು ಕತ್ತರಿಸುವ ಯಂತ್ರ ತಂದರೆ ಹತ್ತು ನಿಮಿಷಕ್ಕೆ ಕೈ ನಡುಗಿ, ಆಮೇಲೆ ಊಟದ ತುತ್ತು ಬಾಯಿಗೆ ಹೋಗದೆ ಗಲ್ಲಕ್ಕೆ ಹೋಯಿತು. ನೂಕಿಕೊಂಡು ಹೋಗುವ ಯಂತ್ರವನ್ನು ಪರಿಚಯದವರಿಂದ ತಂದೆ. ಹಸಿ ಎರೆಮಣ್ಣು ಗಾಲಿಗೆ ಮೆತ್ತಿ ಅದು ಹೆಜ್ಜೆಗೊಮ್ಮೆ ನಿಂತಿತು. ಇಪ್ಪತ್ತು ಗುಂಟೆಯಲ್ಲಿ ಎರಡು ಗುಂಟೆ ಮುಗಿಯುವಷ್ಟರಲ್ಲಿ ನನ್ನ ಮೊಣಕಾಲು ಬಾತಿತು.

ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತ ಮಧ್ಯಾಹ್ನ ಫೋನಿನಲ್ಲಿ ಆ ಯಂತ್ರ ಕಂಡೆ. ಕುರ್ಚಿಯ ಮೇಲೆ ಒಬ್ಬ ಆರಾಮಾಗಿ ಕೂತಿದ್ದಾನೆ, ಮುಂದೆ ಸ್ಟೇರಿಂಗ್ ಇಲ್ಲ, ಎರಡು ಕೈಗೆ ಎರಡು ಉದ್ದನೆಯ ಹಿಡಿಕೆ. ಗಿಡದ ಬುಡಕ್ಕೆ ಬಂದರೆ ಗಾಡಿ ನಿಂತಲ್ಲೇ ಗರ್ರನೆ ತಿರುಗುತ್ತದೆ. ಝೀರೋ ಟರ್ನ್ ಅನ್ನುತ್ತಾರಂತೆ. ಕಿತ್ತೂರಿನ ಹೆದ್ದಾರಿ ಪಕ್ಕ ಯಂತ್ರಗಳ ಅಂಗಡಿ ಇಟ್ಟಿರುವ ಶಂಕರಗೌಡರಿಗೆ ಫೋನು ಮಾಡಿದರೆ, ಯಾವುದೋ ರೆಸಾರ್ಟಿನವರು ಬೇಕೆಂದು ತರಿಸಿ ಬೇಡವೆಂದು ಬಿಟ್ಟ ಎರಡು ಗಾಡಿ ಇವೆ ಎಂದರು, ಒಂದು ದೊಡ್ಡದು, ಒಂದು ಸಣ್ಣದು. ಕಾಕಾ ಕೇಳಿದ ಕೂಡಲೇ ಅಂದ: "ನೀನು, ಅದನ್ನ ಹೊಡೀತಿ? ಆಗೂ ಮಾತಲ್ಲ."

ಒಂದು ಜೋಡಿ ಒಳ್ಳೆಯ ಎತ್ತಿಗಿಂತ ತುಟ್ಟಿಯ ವಸ್ತು. ಆರಿಸುವುದು ಹೇಗೆ? ನನಗೆ ಮೊದಲಿನಿಂದಲೂ ಒಂದು ಗುಣ, ಎಲ್ಲಿ ತಪ್ಪಾಗಬಹುದು ಎಂಬುದನ್ನೇ ಮೊದಲು ಯೋಚಿಸುವುದು. ಗೇಟು ನಾಲ್ಕು ಅಡಿ. ದೊಡ್ಡ ಗಾಡಿ ಅದರಲ್ಲಿ ಹಿಡಿಸುವುದಿಲ್ಲ. ಟೇಪಿನಿಂದ ಎರಡು ಸಲ ಅಳೆದು, ಟೇಪಿನ ಮೇಲೇ ಅನುಮಾನ ಬಂದು ಕಾಕಾನ ಕೋಲಿನಿಂದಲೂ ಅಳೆದೆ. ಸರಿ, ಸಣ್ಣದು. ಗಾಲಿ ಅಗಲ ಇರಬೇಕು, ಇಲ್ಲವಾದರೆ ಎರೆಮಣ್ಣು ಒಳಗೆ ಎಳೆದುಕೊಳ್ಳುತ್ತದೆ. ಈಶಾನ್ಯದ ಮೂಲೆಯಲ್ಲಿ ಬಾವಿ, ನೆಲ ಆ ಕಡೆಗೇ ಇಳಿಜಾರು. ಇಳಿಜಾರಿನಲ್ಲಿ, ಅದೂ ಹಸಿ ಹುಲ್ಲಿನ ಮೇಲೆ, ಇಂಥ ಗಾಡಿ ಜಾರುತ್ತದಂತೆ. ಶಂಕರಗೌಡರು ಕಳಿಸಿದ್ದ ಗಾಡಿಯ ಪುಸ್ತಕದಲ್ಲಿ ಆ ಸಾಲು ಓದಿದಂದಿನಿಂದ ಕಣ್ಣು ಮುಚ್ಚಿದರೆ ನಾನು ಕುರ್ಚಿಯ ಸಮೇತ ಬಾವಿಗೆ ಇಳಿಯುತ್ತಿದ್ದೆ. "ಬಾವಿಯಿಂದ ಹದಿನೈದು ಹೆಜ್ಜಿ ಗಾಡಿ ಒಯ್ಯಬ್ಯಾಡ್ರಿ, ಅಲ್ಲಿ ಕುಡಗೋಲ ಬಳಸ್ರಿ" ಎಂದು ಶಂಕರಗೌಡರು ಹೇಳಿದ ಮೇಲೆ ಸ್ವಲ್ಪ ಉಸಿರು ಬಂತು. ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಕೊಯ್ದ ಹುಲ್ಲು ಎಮ್ಮಿಗೆ ಬರ್ತೈತೇನು?" ಇಲ್ಲ, ಗಾಡಿಯೇ ಅದನ್ನು ಸಣ್ಣಗೆ ಕತ್ತರಿಸಿ ನೆಲಕ್ಕೆ ಚೆಲ್ಲುತ್ತದೆ ಎಂದೆ. "ಹಂಗಾರ ಯಾರಿಗೆ ಬೇಕವಾ ಅದು?" ಎಂದು ಎದ್ದು ಹೋದ.

ಆಮೇಲೆ ಶಂಕರಗೌಡರು ಬಾಂಬು ಹಾಕಿದರು.

"ಒಂದು ಮಾತು ಅಕ್ಕಾರ. ಓಡಸಾವ್ರು ಅಂಗಡಿಗೆ ಬಂದು ಓಡಿಸಿ ತೋರಿಸ್ಬೇಕು. ಮೂರು ಬ್ಯಾರಲ್ ಇಟ್ಟಿರತೇನಿ, ಮುಟ್ಟದಂಗ ಸುತ್ತಿ ಬಂದು ಸುಣ್ಣದ ಗೆರಿ ಮ್ಯಾಲ ನಿಂದರಸ್ಬೇಕು. ಆಗ ಅವ್ರ ಹೆಸರಿಲೆ ತರಬೇತಿ ಸರ್ಟಿಫಿಕೇಟ್ ಕೊಡತೇವಿ. ಅದಿಲ್ಲಂದ್ರ ಗಾಡಿ ಬಿಡೂದಿಲ್ಲ. ಹೋದ ಸಲ ಒಬ್ಬ ಸಾಹೇಬ್ರು ಕಲೀಲಾರದ ಒಯ್ದು, ಮೊದಲನೇ ದಿನಾನ ತುಳಸಿಕಟ್ಟಿ ಕೆಡವಿದ್ರು."

ಪರೀಕ್ಷೆ! ಖಂಡೆಪೂಜೆಯ, ಎಂದರೆ ಆಯುಧಪೂಜೆಯ, ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ. ಆಮೇಲೆ ಹಬ್ಬಕ್ಕೆ ಅಂಗಡಿ ಬಂದ್. ಹಬ್ಬ ಮುಗಿದರೆ ಕಾಕಾನ ವಾಯಿದೆಯೂ ಮುಗಿಯಿತು. ಪಾಸಾದರೆ ಹುಲ್ಲು, ನಪಾಸಾದರೆ ಕಡಲೆ.

ನಾನು ಓದಿದೆ. ಪೆನ್ಸಿಲಿನಿಂದ ಗೆರೆ ಎಳೆದು ಗಾಡಿಯ ಪುಸ್ತಕವನ್ನು ಎರಡು ಸಲ ಓದಿದೆ. ಎರಡು ಲಟ್ಟಣಿಗೆ ಹಿಡಿದು ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ. ಅರವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಅದೇ ಹಳೆಯ ಪರೀಕ್ಷೆಯ ಭಯ.

ಹಳೆಯದು ಎಂದರೆ ಬಿ.ಎ. ಕೊನೆಯ ವರ್ಷದ್ದು. ಇಂಗ್ಲಿಷಿನಲ್ಲಿ ನಾನು ಒಮ್ಮೆ ನಪಾಸಾಗಿದ್ದೆ. ಊರೇನೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಒಂದು ವರ್ಷ ಹೊಲದಲ್ಲಿ ಕಳೆ ತೆಗೆಯುತ್ತಾ, ಸೆರಗಿನಲ್ಲಿ ಪುಸ್ತಕ ಕಟ್ಟಿಕೊಂಡು ಓದಿದೆ. ಎರಡನೆಯ ಸಲದ ಪರೀಕ್ಷೆಯ ದಿನ ಆಗ ನಾವಿದ್ದ ಹಳ್ಳಿಗೆ ಬಸ್ಸು ಬರಲಿಲ್ಲ. ಅಲ್ಲಿಂದ ಬೈಲಹೊಂಗಲ ಎರಡು ಹರದಾರಿ, ಆರು ಮೈಲಿ. ನಾನು ಬೇವಿನ ಮರದ ಕೆಳಗೆ ಅಳುತ್ತಾ ನಿಂತಿದ್ದೆ. ಕಾಕಾ ಬಂದ, ಚಕ್ಕಡಿಗೆ ಎರಡೂ ಎತ್ತು ಹೂಡಿದ, ಎಡಕ್ಕೆ ಕೆಂದ್ಯಾ, ಬಲಕ್ಕೆ ಹರಣ್ಯಾ. ದಾರಿಯುದ್ದಕ್ಕೂ ಅವನ ಬಾಯಲ್ಲಿ ಒಂದೇ ಮಾತು. "ಇಂಗ್ಲಿಷ್ ನಮ್ಮಂಥಾವ್ರಿಗೆ ಆಗೂ ಮಾತಲ್ಲ. ಹೊಡಿ ಹರಣ್ಯಾ! ಪಾಸಾಗೂದು ಸುಳ್ಳು. ನಡಿ, ನಡಿ!" ಅರ್ಧ ದಾರಿಗೆ ಹಳ್ಳದ ಸಣ್ಣ ಸೇತುವೆ ಕುಸಿದಿತ್ತು. ಎರಡೂ ಕಡೆ ಕಳ್ಳಿಯ ಬೇಲಿ, ಚಕ್ಕಡಿ ಹೊರಳಿಸಲು ಜಾಗವಿಲ್ಲ. ಕಾಕಾ ಕೆಂದ್ಯಾನ ಹಗ್ಗ ಜಗ್ಗಿ ಅದನ್ನು ನಿಂತಲ್ಲೇ ನಿಲ್ಲಿಸಿ, ಹರಣ್ಯಾನ ಹಗ್ಗ ಸಡಿಲ ಬಿಟ್ಟು ನಾಲಿಗೆಯಿಂದ ಚ್ಚ್ ಚ್ಚ್ ಎಂದ. ಹರಣ್ಯಾ ಸುತ್ತಿ ಬಂತು, ಚಕ್ಕಡಿ ಅಲ್ಲೇ ಬುಗುರಿಯಂತೆ ಹೊರಳಿತು. ಬೇರೆ ದಾರಿ ಹಿಡಿದು ಗಂಟೆ ಬಾರಿಸುವಾಗ ಕಾಲೇಜು ಮುಟ್ಟಿಸಿದ. ಮೂರು ತಾಸು ಎತ್ತಿನ ಜೊತೆ ಗೇಟಿನ ಹೊರಗೆ ಕೂತಿದ್ದವನು ನಾನು ಬಂದಾಗ ಕೇಳಿದ್ದು, "ಏನಾರ ಬರದೇನು?" ಬರೆದೆ ಎಂದೆ. "ಚಕ್ಕಡಿ ಹತ್ತು ಹಂಗಾರ."

ಇಷ್ಟೂ ನೆನಪಾದದ್ದು ಕಿತ್ತೂರಿಗೆ ಹೋಗುವ ಬಸ್ಸಿನಲ್ಲಿ. ಪಕ್ಕದ ಸೀಟಿನಲ್ಲಿ ಕಾಕಾ ಇದ್ದ. "ನೀ ನಪಾಸಾಗೂದು ನೋಡಾಕ ಬರತೇನಿ" ಎಂದು ತಾನೇ ಹೊರಟು ನಿಂತಿದ್ದ.

ಅಂಗಡಿಯ ಹಿಂದಿನ ಬಯಲಿನಲ್ಲಿ ಮೂರು ನೀಲಿ ಬ್ಯಾರಲ್, ಕೊನೆಗೆ ಸುಣ್ಣದ ಗೆರೆ. ಕಾಕಾನಿಗೆ ಒಂದು ಕುರ್ಚಿ ಹಾಕಿದರು. ಶಂಕರಗೌಡರು ಕತ್ತರಿಸುವ ಬ್ಲೇಡು ಬಂದ್ ಮಾಡಿ, ನನಗೆ ಬೆಲ್ಟ್ ಬಿಗಿದು, "ಎರಡೂ ಮುಂದ ನೂಕಿದ್ರ ಮುಂದ, ಹಿಂದ ಜಗ್ಗಿದ್ರ ಹಿಂದ. ಹೊಳ್ಳಬೇಕಂದ್ರ ಒಂದನ್ನ ತಡೀರಿ, ಇನ್ನೊಂದನ್ನ ಬಿಡ್ರಿ. ಇಷ್ಟ ನೋಡ್ರಿ" ಎಂದರು. ಪುಸ್ತಕದಲ್ಲಿಯೂ ಇಷ್ಟೇ ಇತ್ತು. ನನಗೆ ಬಾಯಿಪಾಠ. ಆದರೆ ಕೈಗೆ ಪಾಠ ಬರಬೇಕಲ್ಲ! ಹಿಡಿಕೆ ನೂಕಿದ್ದೇ ಗಾಡಿ ಹೌಹಾರಿ ಜಿಗಿಯಿತು. ಗಾಬರಿಗೆ ಎರಡನ್ನೂ ಜಗ್ಗಿದೆ, ಹಿಂದಕ್ಕೆ ಓಡಿತು. ಮತ್ತೆ ನೂಕಿದೆ, ಮೊದಲ ಬ್ಯಾರಲ್ ಢಣ್ ಎಂದು ಬಿತ್ತು. ಎರಡನೆಯ ಸಲ ಎರಡು ಬಿದ್ದವು.

"ಮೂರನೇದ್ದು ಕಡೇದ್ರೀ ಅಕ್ಕಾರ. ಸಾವಕಾಶ ಮಾಡ್ರಿ."

ಸಾವಕಾಶ! ಕಣ್ಣ ಮುಂದೆ ಬ್ಯಾರಲ್ ಕಾಣದೆ ಕಡಲೆ ಚೀಲ ಕಾಣುತ್ತಿತ್ತು. ಅಂಗೈ ಬೆವರಿ ಹಿಡಿಕೆ ಜಾರುತ್ತಿತ್ತು. ಗಾಡಿ ಒಂದೇ ಕಡೆ ಗಿರಗಿರ ಸುತ್ತಿತು, ನಾನು ನಿಲ್ಲಿಸುವಷ್ಟರಲ್ಲಿ ಮೂರು ಸುತ್ತು ಹಾಕಿ ಹೊರಟ ಕಡೆಗೇ ಮುಖ ಮಾಡಿ ನಿಂತಿತು.

"ಹಬ್ಬ ಆದ ಮ್ಯಾಲ ಬರ್ರಿ ಅಕ್ಕಾರ, ಕಲೀತೀರಿ, ಏನ್ ಮಹಾ" ಎಂದರು ಗೌಡರು, ಮರ್ಯಾದೆಯಿಂದ. ಇಳಿದೆ. ಕಾಕಾನ ಮುಖದಲ್ಲಿ ಗೆದ್ದ ನಗು ಇರುತ್ತದೆ ಎಂದು ಗಟ್ಟಿ ಮನಸ್ಸು ಮಾಡಿ ನೋಡಿದೆ. ಅವನು ನನ್ನನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಆ ಎರಡು ಹಿಡಿಕೆಗಳ ಮೇಲಿತ್ತು.

"ಗೌಡ್ರ, ಎಡಗಡೇದನ್ನ ಜಗ್ಗಿದ್ರ ಎಡಕ್ಕ ಹೊಳ್ಳತೈತಿ, ಹೌದಲ್ರಿ?"

"ಹೌದ್ರಿ ಅಜ್ಜಾರ."

"ಮತ್ತ ಇಕಿ ಯಾಕ ಎರಡೂ ಎತ್ತು ಕೂಡೇ ಜಗ್ಗಾಕತ್ತಾಳ?"

ಕುರ್ಚಿಯಿಂದ ಎದ್ದ. ಧೋತರ ಮೇಲೆತ್ತಿ ಕಟ್ಟಿದ. ಗೌಡರು "ಅಜ್ಜಾರ, ವಯಸ್ಸು..." ಎನ್ನುವಷ್ಟರಲ್ಲಿ ಗಾಡಿ ಹತ್ತಿ ಕೂತಿದ್ದ. ಎರಡು ಹಿಡಿಕೆಯನ್ನೂ ಹಿಡಿದು, ನಡೆಸದೆ, ಸುಮ್ಮನೆ ಸ್ವಲ್ಪ ಹೊತ್ತು ತೂಕ ನೋಡಿದ. "ಇಂವ ಕೆಂದ್ಯಾ, ಇಂವ ಹರಣ್ಯಾ" ಎಂದು ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ ನಾಲಿಗೆಯಿಂದ ಚ್ಚ್ ಚ್ಚ್ ಎಂದ.

ಆ ಸಪ್ಪಳ ಕೇಳಿ ನನಗೆ ಎಷ್ಟೋ ವರ್ಷವಾಗಿತ್ತು. ಊರಿಗೆಲ್ಲ ಟ್ರ್ಯಾಕ್ಟರ್ ಬಂದಾಗ ನಮ್ಮ ಎತ್ತು ಮಾರಿದರು. ಅಂದಿನಿಂದ ಕಾಕಾನ ಕೈಯಲ್ಲಿ ಹಗ್ಗ ಇರಲಿಲ್ಲ, ಕೋಲು ಮತ್ತು ಚಹಾದ ಬಸಿ ಮಾತ್ರ. ಗಾಡಿ ಹೊರಟಿತು. ಮೊದಲ ಬ್ಯಾರಲ್ ಹತ್ತಿರ ಅವನ ಎಡಗೈ ಒಂದಿಷ್ಟೇ ಹಿಂದೆ ಬಂತು, ಬಲಗೈ ಹಗುರಾಗಿ ಮುಂದೆ ಹೋಯಿತು. ಕಳ್ಳಿಬೇಲಿಯ ದಾರಿಯಲ್ಲಿ ಚಕ್ಕಡಿ ಹೊರಳಿದಂತೆಯೇ ಗಾಡಿ ನಿಂತಲ್ಲೇ ಹೊರಳಿತು. ಎರಡನೆಯದು. ಮೂರನೆಯದು. ಅವನು ಬೀಳದಿರಲಿ ಎಂದು ಬೇಡಿಕೊಂಡೆನೋ, ಬ್ಯಾರಲ್ ಬೀಳದಿರಲಿ ಎಂದು ಬೇಡಿಕೊಂಡೆನೋ, ನಿಜ ಹೇಳಲಾರೆ. "ಹೋ... ಹೋ" ಎಂದು ಎರಡನ್ನೂ ಜಗ್ಗಿದ. ಮುಂದಿನ ಗಾಲಿ ಸುಣ್ಣದ ಗೆರೆಯ ಮೇಲೆ ನಿಂತಿತು.

ಮೊದಲನೆಯ ಸಲಕ್ಕೇ ಪಾಸು. ನಾನು ಇಂಗ್ಲಿಷಿನಲ್ಲಿ ಎರಡನೆಯ ಸಲಕ್ಕೆ ಪಾಸಾದವಳು, ಗಾಡಿಯಲ್ಲಿ ಇನ್ನೂ ಇಲ್ಲ.

ಗೌಡರು ಒಳಗೆ ಕರೆದು ಫಾರ್ಮು ತುಂಬಿಸಿಕೊಂಡರು. ಹೆಸರು, ಊರು, ವಯಸ್ಸು. "ಸಾಲಿ ಎಷ್ಟನೇತ್ತಾ ಆಗೇತ್ರಿ ಅಜ್ಜಾರ?"

"ಎರಡನೇತ್ತಾ. ಮೂರನೇತ್ತಾಕ ಹೋಗೂ ವರ್ಷ ಮನಿಗೆ ಎತ್ತು ತಂದ್ರು."

ಗೌಡರು ಬರೆದುಕೊಂಡರು. ಇದನ್ನು ನಾನೂ ಅವತ್ತೇ ಕೇಳಿದ್ದು. ಬೇರೆ ಮಾತು ತೆಗೆದೆ.

"ಕಾಕಾ, ಗಾಡಿ ಮನಿಗೆ ಬಂತಂದ್ರ ಹುಲ್ಲು ಉಳೀತು. ನಿನ್ನ ಕಡಲಿ?"

"ನಾಳೆ ಹಬ್ಬ ಐತಿ. ಒಡದು ಬ್ಯಾಳಿ ಮಾಡು, ಹೋಳಗಿ ಆಕ್ಕಾವು. ನೀ ಕಲಿಯೂ ಮಟಾ ನಾ ಹೊಡೀತೇನಿ. ಬಾವಿ ಕಡೆ ಮಾತ್ರ ಇಬ್ಬರೂ ಹೋಗೂದು ಬ್ಯಾಡ."

ಪ್ರಿಂಟರಿನಿಂದ ಕಾಗದ ಬೆಚ್ಚಗೆ ಹೊರಬಂತು. ಗೌಡರು ಸಹಿ ಮಾಡಿ, ಶಿಕ್ಕಾ ಒತ್ತಿ, ಎದ್ದು ನಿಂತು ಎರಡು ಕೈಯಿಂದ ಕೊಟ್ಟರು. ಕಾಕಾ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ತೆಗೆದುಕೊಂಡ. ತನ್ನ ಹೆಸರಿನ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದಾಗಿ ಕೊನೆಯ ತನಕ ಹೋದ. ಆಮೇಲೆ ಕಾಗದವನ್ನು ನನ್ನ ಕೈಗೆ ಕೊಟ್ಟ.

"ಇದಕ್ಕೂ ಕಟ್ಟ ಹಾಕಸವಾ. ನಿನ್ನ ಬಿ.ಎ. ಮಗ್ಗಲಕ ತೂಗ ಹಾಕು. ಆದ್ರ ಒಂದು ಗೇಣು ಕೆಳಗ. ನಂದು ಮೂರು ಬ್ಯಾರಲ್ಲಿಂದು, ನಿಂದು ನಾಕು ವರ್ಷದ್ದು, ನಪಾಸಾದದ್ದೂ ಹಿಡದು."